ತುಂಗಮ್ಮನ ಸೋಬಾನೆ ಪದಗಳಿಗೆ ದೊರೆಸ್ವಾಮಿ ಒಪ್ಪಿಗೆ ಕೇಳಿದ್ದು

ತಿಪಟೂರಿನ ತುಂಗಮ್ಮನಿಗೆ ಒಬ್ಬನೇ ಮಗ, ದೊರೆಸ್ವಾಮಿ. ಅಮ್ಮನ ಮಾತು ಮೀರಿದವನಲ್ಲ. ತೊಂದರೆಯೇ ಅದು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ; ಆದರೆ ಹೇಳಿದ ದಿನವಲ್ಲ, ಮಾರನೆಯ ದಿನ, ಬೇರೆ ಕೆಲಸಕ್ಕೆ.

ತುಂಗಮ್ಮ ಮದುವೆಮನೆಯ ಸೋಬಾನೆ ಪದಗಳನ್ನು ಕೂಡಿಸುತ್ತಿದ್ದಳು. ಊರೂರಿನ ಹೆಂಗಸರು ಈಮೇಲಿನಲ್ಲಿ ಬರೆದು ಕಳಿಸುತ್ತಿದ್ದರು. ಹಾಡುವ ಮುದುಕಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದರು, ಪದಗಳು ಮಾತ್ರ ಆ ಮನೆಯ ಕಂಪ್ಯೂಟರಿನಲ್ಲಿ ಉಳಿಯುತ್ತಿದ್ದವು. ತುಂಗಮ್ಮನ ಬೆರಳಿಗೆ ಸಂಧಿವಾತ. ಹಾಗಾಗಿ ಕಂಪ್ಯೂಟರ್ ದೊರೆಸ್ವಾಮಿಯ ಕೈಯಲ್ಲಿ.

ಒಂದು ದಿನ ಮೇಲ್ ಪ್ರೋಗ್ರಾಮು ಮೊಂಡು ಹಿಡಿಯಿತು. ಹಾಸನದ ಜಾನಕಮ್ಮನಿಗೆ ಬರೆದ ಉತ್ತರ ಹೋಗಲೊಲ್ಲದು. ದೊರೆಸ್ವಾಮಿ 'ಕಳಿಸು' ಒತ್ತಿದ, ಮತ್ತೆ ಒತ್ತಿದ, ಊಟದ ಹೊತ್ತಿನ ತನಕ ಒತ್ತಿದ. ಸಂಜೆ ಜಾನಕಮ್ಮನ ಫೋನು ಬಂತು.

"ತುಂಗಕ್ಕ, ಒಂದೇ ಕಾಗದ ಎಷ್ಟು ಸಲ ಓದಲಿ? ನನಗೆ ಬಾಯಿಪಾಠವಾಯ್ತು."

ತುಂಗಮ್ಮ ಹಣೆ ಚಚ್ಚಿಕೊಂಡಳು. "ಒಂದು ಸಲ ಒತ್ತಿ ಸುಮ್ಮನೆ ಕೂತಿರಬೇಕೋ. ಅದು ತನ್ನ ಕೆಲಸ ಮುಗಿಸೋ ತನಕ ಮುಟ್ಟಬಾರದು."

"ಆಗಲಿ ಅಮ್ಮ."

ಹಳೆಯದು ಸರಿಹೋಗಲಿಲ್ಲವೆಂದು ಹೊಸ ಪ್ರೋಗ್ರಾಮು ಹಾಕಿದರು. ಅದು ಹಳೆಯದರಿಂದ ವಿಳಾಸಗಳನ್ನೆಲ್ಲ ಎಳೆದುಕೊಂಡು, "ಕಾಗದಗಳನ್ನೂ ತರಲೇ?" ಎಂದು ಕೇಳಿತು. ದೊರೆಸ್ವಾಮಿ ಕೈಕಟ್ಟಿ ಕೂತ. ಮಧ್ಯಾಹ್ನವಾಯಿತು, ಸಂಜೆಯಾಯಿತು, ಕೂತೇ ಇದ್ದ.

"ಯಾಕೋ ಕೂತಿದೀಯ?"

"ಅದು ಕೆಲಸ ಮುಗಿಸಲಿ ಅಂತ."

"ಅದು ನಿನ್ನ ಮುಖ ನೋಡ್ತಿದೆ, ನೀನು ಅದರ ಮುಖ ನೋಡ್ತಿದೀಯ. ಇದೇನು ಹೆಣ್ಣು ನೋಡೋ ಶಾಸ್ತ್ರವಾ? ಅದು ಕೇಳಿದರೆ ಹೂಂ ಅನ್ನಬೇಕಪ್ಪ."

"ಆಗಲಿ ಅಮ್ಮ."

ಅಷ್ಟರಲ್ಲಿ ಕರೆಂಟು ಹೋಯಿತು. ಮಾರನೆಯ ದಿನ ಕಂಪ್ಯೂಟರು ಬೇರೆಯೇ ಪ್ರಶ್ನೆ ಕೇಳಿತು: "ಹಳೆಯ ಪ್ರೋಗ್ರಾಮನ್ನು ಕಾಗದಗಳ ಸಮೇತ ಅಳಿಸಲೇ?"

ದೊರೆಸ್ವಾಮಿ ಹೂಂ ಅಂದ. "ಖಂಡಿತವೇ?" ಅಂತು. ಅದಕ್ಕೂ ಹೂಂ ಅಂದ.

ಪದಗಳೆಲ್ಲ ಹೋದವು. ತುಂಗಮ್ಮ ಬೈಯಲಿಲ್ಲ. ಮೆಲ್ಲಗೆ ಹೇಳಿದಳು, "ಹೂಂ ಅನ್ನೋಕೆ ಅದೇನು ನಿನ್ನದೇನೋ? ಏನೇ ಮಾಡೋದಿದ್ದರೂ ಯಾರದ್ದೋ ಅವರನ್ನ ಕೇಳಿ ಮಾಡಬೇಕು."

"ಆಗಲಿ ಅಮ್ಮ."

ದೊರೆಸ್ವಾಮಿ ಕೂತ. ವಿಳಾಸಗಳು ಹೇಗೂ ಉಳಿದಿದ್ದವಲ್ಲ, ಒಬ್ಬರನ್ನೂ ಬಿಡದೆ ಬರೆದ: "ಪೂಜ್ಯರೇ, ನೀವು ನನ್ನ ತಾಯಿಗೆ ಕಳಿಸಿದ ಪದಗಳನ್ನು ಇಂದು ಬೆಳಿಗ್ಗೆ ಅಳಿಸಿದ್ದೇನೆ. ಅಳಿಸಬಹುದೇ? ಇಂತಿ, ದೊರೆಸ್ವಾಮಿ."

ಉತ್ತರಗಳು ಸುರಿದವು. "ಬೇಡಪ್ಪ, ಬೇಡ. ಇಗೋ, ಮತ್ತೆ ಕಳಿಸಿದ್ದೇನೆ," ಎಂದು ಜಾನಕಮ್ಮ. ಕಡೂರಿನವರೊಬ್ಬರು ಪದ ಮತ್ತೆ ಬರೆಯುವಾಗ ಮರೆತಿದ್ದ ಎರಡು ನುಡಿ ನೆನಪಾಯಿತೆಂದು ಅವನ್ನೂ ಸೇರಿಸಿದ್ದರು. ಅರಸೀಕೆರೆಯ ಸೊಸೆಯೊಬ್ಬಳು ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲು ಕಳಿಸದೇ ಇದ್ದ ಆರತಿ ಪದವನ್ನೂ ಬರೆಸಿಕೊಂಡಿದ್ದಳು.

ತುಂಗಮ್ಮ ಒಂದೊಂದನ್ನೂ ಓದಿಸಿ ಕೇಳಿದಳು. ಕಣ್ಣೊರೆಸಿಕೊಂಡು ಮಗನ ತಲೆ ಮೇಲೆ ಕೈಯಿಟ್ಟಳು. "ನಿನ್ನಂಥ ಮಗ ಬೇಕು ಅಂತ ಯಾರೂ ಹರಕೆ ಹೊರೋದಿಲ್ಲ ಕಣೋ. ನನಗೆ ಹರಕೆಯಿಲ್ಲದೆಯೇ ಸಿಕ್ಕಿದೀಯ. ಇನ್ನು ಎಲ್ಲವನ್ನೂ ಪೆನ್ ಡ್ರೈವಿನಲ್ಲೂ ಇಟ್ಟುಬಿಡು," ಎಂದು ಪಾಯಸಕ್ಕೆ ಎಸರಿಡಲು ಹೋದಳು.

ಬಟ್ಟಲು ಹಿಡಿದು ಬಂದರೆ, "ಉಳಿಸಲೇ?" ಎಂಬ ಪ್ರಶ್ನೆ ಪರದೆಯ ಮೇಲೆ ಹಾಗೇ ಇದೆ.

"ಒತ್ತಲಿಲ್ಲವೇನೋ?"

"ಉಳಿಸಬಹುದೇ ಅಂತ ಎಲ್ಲರಿಗೂ ಬರೆದೆ ಅಮ್ಮ. ಎಲ್ಲರೂ ಹೂಂ ಅಂದರು. ಅರಸೀಕೆರೆ ಅತ್ತೆ ಮಾತ್ರ ಪದ ತಮ್ಮದಲ್ಲ, ಪಾರ್ವತೀದೇವಿಯದು ಅಂದರು."

"ಹೌದಪ್ಪ, ದೊಡ್ಡವರು ಹಾಗೇ ಅಂತಾರೆ."

"ಪಾರ್ವತೀದೇವಿಯವರ ಈಮೇಲು ನಮ್ಮಲ್ಲಿಲ್ಲ. ನಿನಗೆ ಗೊತ್ತಾ?"

ತುಂಗಮ್ಮ ಬಟ್ಟಲು ಕೆಳಗಿಟ್ಟು, ನೋಯುವ ಬೆರಳಿನಿಂದ ತಾನೇ ಹೂಂ ಒತ್ತಿದಳು. "ದೀಪ ಹಚ್ಚುವಾಗ ನಾನೇ ಕೇಳಿದೆ ಕಣೋ. ಒಪ್ಪಿದ್ದಾಳೆ."

"ಬರವಣಿಗೆಯಲ್ಲಿ ಕೊಟ್ಟರಾ ಅಮ್ಮ?" ಎಂದ ದೊರೆಸ್ವಾಮಿ.