ಹೆಗ್ಗಣವಿಲ್ಲದ ಕೋಟೆ

"ನಮ್ಮ ಕೋಟೆಯೊಳಗೆ ಈಗ ಒಂದೇ ಒಂದು ಹೆಗ್ಗಣವಿಲ್ಲ!"

ಹೀಗೆಂದು ತುಂಬಿದ ಸಭೆಯಲ್ಲಿ ಸಾರಿದವನು ಬಿಳಿಕಲ್ಲು ಕೋಟೆಯ ದೊರೆ ಬೊಮ್ಮಣ್ಣನಾಯಕ. ಪಾಪ, ಅವನೇನು ಒಂದೊಂದು ಬಿಲದ ಮುಂದೆಯೂ ಕೂತು ಬಗ್ಗಿ ನೋಡಿ ಬಂದಿರಲಿಲ್ಲ. ಕೋಟೆಯ ಉಸ್ತುವಾರಿ ಭೈರೋಜಿ ಹೇಳಿದ, ದೊರೆ ನಂಬಿದ. ನಂಬಿದ್ದಷ್ಟೇ ಅಲ್ಲ, ಭೈರೋಜಿಯ ಕೈಗೆ ಚಿನ್ನದ ಕಡಗ ತೊಡಿಸಿ, 'ಮೂಷಕಾಂತಕ' ಎಂಬ ಬಿರುದನ್ನೂ ಕೊಟ್ಟುಬಿಟ್ಟ. ಕಿವಿಗೆ ಹಿತವಾದ ಸುದ್ದಿಯನ್ನು ನಾವಾದರೂ ಎರಡನೆಯ ಸಲ ಎಲ್ಲಿ ವಿಚಾರಿಸುತ್ತೇವೆ, ಹೇಳಿ?

ಈ ಬಿರುದಿನ ವಿಷಯ ಹೆಗ್ಗಣಗಳಿಗೆ ಮಾತ್ರ ಯಾರೂ ತಿಳಿಸಿರಲಿಲ್ಲ. ಅವು ಎಂದಿನಂತೆ ಅರಮನೆಯ ಹೂದೋಟಕ್ಕಿಳಿದು, ಸುಗಂಧರಾಜದ ಗೆಡ್ಡೆಗಳನ್ನು ಕೆದಕಿ ತೆಗೆದು, ಅರ್ಧ ತಿಂದು, ಅರ್ಧ ಅಲ್ಲೇ ಎಸೆದು ಮುಂದಿನ ಗೆಡ್ಡೆಗೆ ಹೋಗುತ್ತಿದ್ದವು. ಹಿಡಿದದ್ದನ್ನು ಪೂರ್ತಿ ತಿಂದಿದ್ದರೆ ಹೋಗಲಿ ಎನ್ನಬಹುದಿತ್ತು. ಮದುವೆ ಊಟದಲ್ಲಿ ಎಲ್ಲವನ್ನೂ ಬಡಿಸಿಕೊಂಡು ಒಂದೊಂದನ್ನೇ ಕೆದಕಿಟ್ಟು ಏಳುವವರಿರುತ್ತಾರಲ್ಲ, ಥೇಟ್ ಹಾಗೆ.

ಆ ತೋಟ ನೋಡಿಕೊಳ್ಳುತ್ತಿದ್ದವನು ಕೆಂಚಜ್ಜ. ಮೂವತ್ತು ವರ್ಷದಿಂದ ಅದೇ ತೋಟ, ತೋಟದ ಮೂಲೆಯಲ್ಲೇ ಮನೆ. ಒಂದು ಬೆಳಿಗ್ಗೆ ರಾಣಿಯವರಿಗೊಂದು ದಂಡೆ ಕಟ್ಟುವಷ್ಟು ಹೂವೂ ಸಿಗದೆ, ಮುದುಕ ಸಭೆಗೇ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ಬುದ್ಧೀ, ಗೆಡ್ಡೆಯೆಲ್ಲಾ ಹೆಗ್ಗಣದ ಪಾಲಾಗ್ತಾ ಐತೆ."

ಭೈರೋಜಿ ಎದ್ದು ನಿಂತ. "ಯಾವ ಹೆಗ್ಗಣವೋ? ಕೋಟೆಯಲ್ಲಿ ಹೆಗ್ಗಣವಿಲ್ಲ ಅಂತ ಪ್ರಭುಗಳೇ ಸಾರಿದ್ದಾರೆ. ಪ್ರಭುಗಳ ಮಾತು ಸುಳ್ಳೇನು? ಗೆಡ್ಡೆ ಕಿತ್ತು ಸಂತೆಯಲ್ಲಿ ಮಾರಿ, ಇಲ್ಲಿ ಬಂದು ಹೆಗ್ಗಣದ ಕತೆ ಕಟ್ಟುತ್ತೀಯಾ?"

ದೊರೆ ಪೇಚಿಗೆ ಸಿಕ್ಕಿದ. ಅಜ್ಜನ ಮಾತು ನಿಜವೆಂದರೆ ತಾನು ಸಾರಿದ್ದು ಸುಳ್ಳಾಗುತ್ತದೆ. "ಮೂರು ದಿನ ಕೊಟ್ಟಿದ್ದೇನೆ. ಕಳ್ಳ ಯಾರೆಂದು ತೋರಿಸು. ಇಲ್ಲವೇ ಕೋಟೆ ಬಿಟ್ಟು ನಡೆ," ಎಂದ.

ಅದೇ ಆಸ್ಥಾನದಲ್ಲಿ ಮಲ್ಲರಸ ಎಂಬ ಮಾತುಗಾರನಿದ್ದ. ದೊರೆಯನ್ನು ನಗಿಸುವುದು ಅವನ ಕೆಲಸ. ನಗಿಸುತ್ತಲೇ ತಿದ್ದುವುದು ಅವನ ಚಾಳಿ. ಕೆಂಚಜ್ಜ ನೇರವಾಗಿ ಅವನ ಜಗಲಿಯ ಮೇಲೆ ಬಂದು ಕುಸಿದ.

"ತೋಟ ಹೋದರೆ ಹೋಗಲಿ ಸ್ವಾಮೀ. ಕಳ್ಳ ಅನ್ನಿಸಿಕೊಂಡು ಹೆಂಗೆ ಹೋಗಲಿ?"

"ಅಜ್ಜ, ಎಲ್ಲಿ, ಒಮ್ಮೆ ಬಾಯಿ ತೆರೆ."

ಅಜ್ಜ ಗಾಬರಿಯಿಂದ ತೆರೆದ. ಒಳಗೆ ಹೆಸರಿಗೆಂದು ಒಂದು ಹಲ್ಲೂ ಇರಲಿಲ್ಲ.

"ಭೇಷ್! ಮನೆಗೆ ಹೋಗಿ ಗಂಜಿ ಕುಡಿದು ಮಲಗು," ಎಂದ ಮಲ್ಲರಸ.

ಮೂರನೆಯ ದಿನ ಸಭೆ ಕೂಡಿತು. ಮಲ್ಲರಸ ಒಂದು ಬುಟ್ಟಿ ಗೆಡ್ಡೆಯನ್ನು ದೊರೆಯ ಮುಂದೆ ಸುರಿದ. ಎಲ್ಲವೂ ಅರ್ಧರ್ಧ ಕಚ್ಚಿ ಬಿಟ್ಟಂಥವು. "ಪ್ರಭು, ಮಾರುವ ಮಾಲನ್ನು ಯಾರಾದರೂ ಕಚ್ಚಿ ಬಿಸಾಡುತ್ತಾರೆಯೇ?"

"ಹೆಗ್ಗಣದ ಮೇಲೆ ಹೊರಿಸಲು ಈ ಮುದುಕನೇ ಕಚ್ಚಿಟ್ಟಿದ್ದಾನೆ!" ಎಂದ ಭೈರೋಜಿ.

"ಅಜ್ಜ, ಬಾಯಿ ತೆರೆ."

ಸಭೆ ಗೊಳ್ಳೆಂದಿತು. ಭೈರೋಜಿ ಸೋಲಲಿಲ್ಲ. "ಹಾಗಾದರೆ ಹಲ್ಲಿರುವ ಜೊತೆಗಾರ ಯಾರೋ ಇದ್ದಾನೆ!"

"ಅದನ್ನೂ ಈಗಲೇ ಪರೀಕ್ಷಿಸೋಣ," ಎನ್ನುತ್ತಾ ಮಲ್ಲರಸ, ಬಾಯಿಗೆ ಸಡಿಲವಾಗಿ ಬಟ್ಟೆ ಕಟ್ಟಿದ ಒಂದು ಗಡಿಗೆಯನ್ನು ತರಿಸಿದ. "ಇದರೊಳಗೆ ಒಬ್ಬ ಇದ್ದಾನೆ."

ದೊರೆ ಹುಬ್ಬೇರಿಸಿದ. "ಗಡಿಗೆಯಲ್ಲಿ ಹಿಡಿಸುವಂಥವನೇ?"

"ಆಳು ಸ್ವಲ್ಪ ಗಿಡ್ಡ, ಪ್ರಭು. ಗುಂಡಗಿದ್ದಾನೆ, ಮೈಮೇಲೆ ಒರಟು ಕೂದಲು. ಹೆಸರು ಕೇಳಿದರೆ ತುಟಿಪಿಟಕ್ಕೆನ್ನುವುದಿಲ್ಲ." ಮಲ್ಲರಸ ಗಡಿಗೆಯನ್ನು ಕಾಲಿನಿಂದ ತುಸು ತಳ್ಳಿದ. ಒಳಗೆ ಏನೋ ಗಡಗಡ ಹೊರಳಿತು. "ಭೈರೋಜಿಯವರೇ, ಕೋಟೆಯ ಉಸ್ತುವಾರಿ ನಿಮ್ಮದು. ಬಟ್ಟೆಯ ಸಂದಿಯಲ್ಲಿ ಕೈ ಹಾಕಿ ಹೊರಗೆ ಎಳೆಯಿರಿ."

ಭೈರೋಜಿ ಒಂದು ಹೆಜ್ಜೆ ಹಿಂದೆ ಸರಿದ. "ನಾ... ನಾನೇ ಯಾಕೆ?"

"ಹೆಗ್ಗಣವಂತೂ ಅಲ್ಲವಲ್ಲ! ಅದು ಈ ಕೋಟೆಯಲ್ಲೇ ಇಲ್ಲ. ಮತ್ತೇಕೆ ಅಂಜಿಕೆ?"

"ಹಾಕಯ್ಯಾ ಕೈ," ಎಂದ ದೊರೆ.

ಭೈರೋಜಿ ಕಣ್ಣು ಮುಚ್ಚಿಕೊಂಡು ಎರಡೇ ಎರಡು ಬೆರಳು ಇಳಿಬಿಟ್ಟ. ಒರಟು ಕೂದಲು ತಾಗಿತೋ ಇಲ್ಲವೋ, ಕಿಟಾರನೆ ಕಿರುಚಿ ಕಂಬದ ಹಿಂದೆ ಸೇರಿಕೊಂಡ. "ಅಯ್ಯಯ್ಯೋ! ಹೆಗ್ಗಣ! ಕಚ್ಚಿತು ಪ್ರಭು, ಹೆಗ್ಗಣ ಕಚ್ಚಿತು!"

ಸಭೆಯ ಕಣ್ಣೆಲ್ಲಾ ದೊರೆಯತ್ತ ತಿರುಗಿದವು.

"ಯಾವ ಹೆಗ್ಗಣ?" ದೊರೆ ಮೆಲ್ಲಗೆ ಕೇಳಿದ.

ಕಂಬದ ಹಿಂದಿನಿಂದ ಎಲ್ಲವೂ ಹೊರಗೆ ಬಂತು. "ತಪ್ಪಾಯಿತು, ಪ್ರಭು! ಕೋಟೆ ತುಂಬಾ ಇವೆ. ತಾವು ಕೊಟ್ಟ ಬಿರುದಿನ ಪತ್ರವನ್ನೇ ಮೊನ್ನೆ ತಿಂದುಹಾಕಿದವು!"

ಮಲ್ಲರಸ ನಿಧಾನವಾಗಿ ಬಟ್ಟೆ ಬಿಚ್ಚಿ, ಗಡಿಗೆಯೊಳಗಿಂದ ಸಿಪ್ಪೆ ಸುಲಿದು ನಾರು ಮಾತ್ರ ಬಿಡಿಸದ ಒಂದು ತೆಂಗಿನಕಾಯಿ ತೆಗೆದು ಎಲ್ಲರಿಗೂ ತೋರಿಸಿದ. "ಕಚ್ಚಿದವರು ಇವರೇ, ಪ್ರಭು."

ದೊರೆ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಕೆಂಚಜ್ಜನನ್ನು ಹತ್ತಿರ ಕರೆದು, ತನ್ನ ಶಾಲನ್ನೇ ಹೊದಿಸಿ, ಎಲ್ಲರಿಗೂ ಕೇಳುವಂತೆ ಹೇಳಿದ: "ನೀನು ಕಳ್ಳನಲ್ಲ ಅಜ್ಜ, ತಪ್ಪು ನನ್ನದು. ತೋಟ ನಿನ್ನದೇ. ಹೊಸ ಗೆಡ್ಡೆ ಹೂ ಬಿಡುವವರೆಗೆ ಭೈರೋಜಿ ಕೋಲು ಹಿಡಿದು ಪಾತಿ ಕಾಯಲಿ. ನೀನು ಹೇಳಿದಂತೆ ಕೇಳಲಿ."

ಆಮೇಲೆ ಮಲ್ಲರಸನತ್ತ ತಿರುಗಿದ. "ಎಲ್ಲಾ ಸರಿಯಪ್ಪಾ. ಕೋಟೆ ತುಂಬಾ ಹೆಗ್ಗಣವಿರುವಾಗ ಒಂದನ್ನು ಹಿಡಿದು ಗಡಿಗೆಗೆ ಹಾಕಲು ನಿನಗೇನಾಗಿತ್ತು? ತೆಂಗಿನಕಾಯಿ ಏಕೆ?"

"ಧೈರ್ಯ ಬರಲಿಲ್ಲ, ಪ್ರಭು. ಭೈರೋಜಿಯವರು ಹಿಂಜರಿದರೆ, ತಾವು ರೇಗಿ, 'ಅತ್ತ ಸರಿ, ನಾನೇ ಕೈ ಹಾಕುತ್ತೇನೆ' ಎಂದು ಇಳಿದು ಬಂದುಬಿಟ್ಟರೆ? ಈ ಕೋಟೆಯಲ್ಲಿ ಹೆಗ್ಗಣವಿಲ್ಲ ಎಂದು ಮನಸಾರೆ ನಂಬಿದ್ದವರು ತಾವೊಬ್ಬರೇ!"

ದೊರೆ ತನ್ನ ಬಲಗೈಯನ್ನು ಒಮ್ಮೆ ನೋಡಿಕೊಂಡ. ಬೆರಳು ಐದೂ ಇದ್ದವು. ಅವುಗಳಲ್ಲೊಂದರ ಉಂಗುರ ಕಳಚಿ, ಮತ್ತೆ ಉಕ್ಕಿ ಬಂದ ನಗುವನ್ನು ತಡೆಯಲಾರದೆ, ಮಲ್ಲರಸನ ಕೈಗಿಟ್ಟ.