ಎಂಟು ವೋಲ್ಟು ನುಂಗಿದ ತಂಬಿಗೆ

ಹದಿನೈದು ಒಳಗೆ ಹೋಗಿ ಇಪ್ಪತ್ತಾಯಿತು, ಹೊರಗೆ ಬಂದದ್ದು ಹನ್ನೆರಡೇ. ಉಳಿದ ಎಂಟು ಎಲ್ಲಿ ಹೋಯಿತು? ತಲೆ ಕೆರೆದುಕೊಳ್ಳಬೇಡಿ, ಬರೋದಿಲ್ಲ. ನಮ್ಮ ಮೇಷ್ಟ್ರಿಗೂ ಬಂದಿಲ್ಲ.

ಯಾವ ಕಾಲದ ಮಾತೋ, ಕೃಷ್ಣೆಯ ನಡುಗಡ್ಡೆಯಲ್ಲೊಂದು ಊರು. ಅಲ್ಲಿ ರೇಡಿಯೋ ರಿಪೇರಿಯ ಹುಸೇನಪ್ಪ ಇದ್ದನಂತೆ. ಅವನು ಮುಟ್ಟಿದರೆ ಸತ್ತ ರೇಡಿಯೋ ಕೆಮ್ಮಿ ಎದ್ದು ಕೂರುತ್ತಿತ್ತಂತೆ.

ಒಂದು ವರ್ಷ ಹೊಳೆ ಏರಿತು, ಹರಿಗೋಲು ಹಾಕುವಂತಿಲ್ಲ. ಆಗಲೇ ಹುಸೇನಪ್ಪನ ತಂಗಿ ರಾಚಮ್ಮನಿಗೆ ಹೆರಿಗೆ ನೋವು. ಎರಡು ದಿನವಾದರೂ ಕೂಸು ಬರಲಿಲ್ಲ, ಸೂಲಗಿತ್ತಿ ಕೈಚೆಲ್ಲಿದಳು. ಆಚೆ ದಂಡೆಯ ಎಂಜಿನ್ ದೋಣಿ ಕರೆಸಬೇಕು. ಕರೆಸಲು ಚಾವಡಿಯಲ್ಲಿ ಇದ್ದದ್ದು ಒಂದೇ ವೈರ್‌ಲೆಸ್ಸು, ಜನರೇಟರಿನಲ್ಲಿ ಅರ್ಧ ತಾಸಿನ ಡೀಸೆಲ್ಲು.

ಆಚೆಯವರ ಮಾತು ಕೇಳುತ್ತಿತ್ತು. ಇವರು ಮಾತಾಡಲು ಗುಂಡಿ ಒತ್ತಿದರೆ ಎರಡು ಮಾತಿಗೇ ಸೆಟ್ಟು ಗಪ್ಪಾಗುತ್ತಿತ್ತು.

"ಹದಿನೈದು ವೋಲ್ಟಿನ ಟ್ರಾನ್ಸ್‌ಫಾರ್ಮರು, ಹನ್ನೆರಡರ ಸೆಟ್ಟು. ಮೂರು ಹೆಚ್ಚಾದ್ರ ಏನ್ ಸಾಯ್ತದಲೇ?" ಅಂದ ಹರಿಗೋಲಿನ ಗುಡದಪ್ಪ. "ನಡುವ ವೋಲ್ಟು ಇಳಸೋ ಆ ರೆಗ್ಯುಲೇಟರ್ ಕಿತ್ತೊಗದು ನೇರ ಕೊಡು."

"ಮೂರಲ್ಲ ಮಾವ, ಎಂಟು. ಸೆಟ್ಟು ಸುಡ್ತದ."

ಹುಸೇನಪ್ಪ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದನಂತೆ. ಏರಿಳಿಯುವ ಹದಿನೈದನ್ನು ಡಯೋಡು ಒಂದೇ ದಿಕ್ಕಿಗೆ ತಿದ್ದಿ ಕೆಪಾಸಿಟರಿಗೆ ತುಂಬಿದರೆ ಅಲೆಯ ನೆತ್ತಿಗೆ ಏರುತ್ತದೆ, ಇಪ್ಪತ್ತೊಂದು ಚಿಲ್ಲರೆ. ಎರಡು ಡಯೋಡು ತಮ್ಮ ಪಾಲು ತಿಂದರೆ ಉಳಿಯೋದು ಇಪ್ಪತ್ತು. ಸೆಟ್ಟಿಗೆ ಹನ್ನೆರಡು ಕೊಟ್ಟು, ಮಿಕ್ಕ ಎಂಟನ್ನು ರೆಗ್ಯುಲೇಟರೇ ನುಂಗಬೇಕು. ಕೇಳುವಾಗ ಕರೆಂಟು ಕಮ್ಮಿ, ಮಾತಾಡುವಾಗ ಒಂದು ಆಂಪು. ಎಂಟೊಂದ್ಲೆ ಎಂಟು ವ್ಯಾಟು ಕಾವು, ಉಗುರಿನಷ್ಟು ಚೂರಿನ ಮೇಲೆ! ಕಾದರೆ ಅದು ಬಾಯಿ ಮುಚ್ಚುತ್ತದೆ.

"ಇದರ ಬೆನ್ನಿಗೆ ಹಲ್ಲಿನ ಅಲ್ಯೂಮಿನಿಯಂ ತುಂಡಿತ್ತಲ್ಲ, ಕಾವು ಎಳಕೊಳ್ಳೋದು. ಎಲ್ಲಿ?"

ಗುಡದಪ್ಪ ನೆಲ ನೋಡಿದ. "ಎಮ್ಮಿ ಮೈ ತಿಕ್ಕಾಕ ಚಲೋ ಇತ್ತಪ... ಹೊಳಿಗೆ ಹೋತು."

ಚಾವಡಿಯ ಪಕ್ಕದ ಮನೆಯಿಂದ ರಾಚಮ್ಮ ಚೀರಿದಳು. ಆಮೇಲೆ ಚೀರಲಿಲ್ಲ. ಹುಸೇನಪ್ಪ ಗೋಡೆಯ ಅಂಕಿಗಳನ್ನು ಮತ್ತೊಮ್ಮೆ ನೋಡಿದ. ಲೆಕ್ಕ ತಪ್ಪಿದ್ದರೆ?

ಹಿತ್ತಾಳೆ ತಂಬಿಗೆ ತಂದ, ತುಂಬ ಹೊಳೆನೀರು ತುಂಬಿದ. ರೆಗ್ಯುಲೇಟರಿನ ಬೆನ್ನನ್ನು ತಂಬಿಗೆಯ ಹೊಟ್ಟೆಗೆ ಒತ್ತಿ ತಂತಿಯಿಂದ ಬಿಗಿದ. ಹನಿ ನೀರು ತುಳುಕಿದರೂ ಎಲ್ಲ ಮುಗೀತು. ಗುಂಡಿ ಒತ್ತಿದ. ಎರಡು ಮಾತು. ಮೂರು. ಹತ್ತು. ಜನರೇಟರು ಬಿಕ್ಕಳಿಸತೊಡಗಿತು. ಅದು ನಿಲ್ಲುವ ಮೊದಲು ಆಚೆಯಿಂದ ಕೇಳಿತಂತೆ, "ಹೊರಟೀವಿ!"

ದೋಣಿ ಬರುವಷ್ಟರಲ್ಲಿ ಕೂಸು ಹುಟ್ಟಿತ್ತಂತೆ. ಆ ತಂಬಿಗೆಯ ಬಿಸಿನೀರಲ್ಲೇ ಅದಕ್ಕೆ ಮೊದಲ ಸ್ನಾನವಂತೆ. ಇವತ್ತಿಗೂ ಆ ಊರಲ್ಲಿ ಟೀವಿ ಹಚ್ಚಲಿ, ಮೊಬೈಲು ಚಾರ್ಜಿಗಿಡಲಿ, ಪಕ್ಕದಲ್ಲಿ ತುಂಬಿದ ತಂಬಿಗೆ ಇಟ್ಟು, "ಹುಸೇನಪ್ಪ, ಮಿಕ್ಕಿದ್ದು ನೀ ನುಂಗು" ಅನ್ನುತ್ತಾರೆ.

ದೋಣಿಗೆ ಮೊದಲೇ ಕೂಸು ಹುಟ್ಟಿದ್ದು, ಆ ಸ್ನಾನ, ಇವೆರಡು ಮಾತ್ರ ನನ್ನ ಕಟ್ಟುಕತೆ. ಎಂಟು ವ್ಯಾಟಿಗೆ ತಂಬಿಗೆ ನೀರು ಅಷ್ಟು ಬೇಗ ಬಿಸಿಯಾಗಲ್ಲ, ಲೆಕ್ಕ ಬಲ್ಲವರು ಹಿಡಿದುಬಿಡ್ತೀರಿ. ನಿಜವಾಗಿ ಕೂಸು ಹುಟ್ಟಿದ್ದು ಆಚೆ ದಂಡೆಯಲ್ಲಿ, ತಾಯಿ ಮಗು ಇಬ್ಬರೂ ಉಳಿದರು. ಆದರೆ ಆ ಎಂಟು ಸುಮ್ಮನೆ ಗಾಳಿಗೆ ಹೋಯಿತು ಅನ್ನೋಕೆ ನನಗೆ ಮನಸ್ಸು ಬರಲಿಲ್ಲ.