ಮೌಳಿ ಫೈಲು ಹುಡುಕಿದ್ದು

ನಮ್ಮನೆ ಗೋಡೆಗೆ ಅಂಟ್ಕೊಂಡಿರೋ ಗೋಡೆ ಸರ್ವಮಂಗಳಮ್ಮಂದು. ಹಂಗಾಗಿ ನಾನೇನು ಕಿವಿಯಿಟ್ಟು ಕೇಳಕ್ಕೆ ಹೋಗಲ್ಲ, ತಾನಾಗೇ ಕೇಳಿಸ್ತದೆ. ಬೀದಿಯೋರು ನನ್ನ ಬಗ್ಗೆ ಏನಾರ ಅಂದ್ಕೊಳ್ಳಿ.

ಆಯಮ್ಮಂಗೆ ಒಬ್ನೇ ಮಗ. ಚಂದ್ರಮೌಳಿ. ನಾವು ಮೌಳಿ ಅಂತೀವಿ. ಮೀಸೆ ಬಂದು ಎಷ್ಟೋ ವರ್ಷ ಆಯ್ತು, ಬುದ್ಧಿ ಇನ್ನೂ ದಾರೀಲೇ ಐತೆ. ಕೆಟ್ಟೋನಲ್ಲ. ಹೇಳಿದ್ದನ್ನ ಹೇಳ್ದಂಗೇ ಮಾಡ್ತಾನೆ, ಕಷ್ಟ ಇರೋದೇ ಅಲ್ಲಿ. "ಹಾಲು ಉಕ್ಕಿದ್ರೆ ಕೂಗು" ಅಂದ್ರೆ, ಉಕ್ಕಿ, ಒಲೆಯೆಲ್ಲ ತೊಯ್ದು, ನೆಲಕ್ಕೆ ಹರಿದ ಮೇಲೆ "ಉಕ್ತು" ಅಂತ ಕೂಗ್ತಾನೆ.

ಸರ್ವಮಂಗಳಮ್ಮಂದು ತಾಲೂಕಾಫೀಸಿನ ಎದುರು ಟೈಪಿಂಗ್ ಅಂಗಡಿ. ಒಂದು ಕಂಪ್ಯೂಟರು, ಒಂದು ಪ್ರಿಂಟರು. ಲಗ್ನಪತ್ರಿಕೆ, ತಿಥಿ ಕಾರ್ಡು, ಸಂಘದ ನೋಟೀಸು, ಎಲ್ಲ ಅಲ್ಲೇ ಆಗ್ಬೇಕು. ಗಂಡ ಹೋದಾಗಿಂದ ಅದರಲ್ಲೇ ಜೀವನ. ಈಗ ಎರಡು ಕಣ್ಣಿಗೂ ಪೊರೆ ಬಂದೈತೆ. ಕಂಪ್ಯೂಟರಿಗೆ ಮೂಗು ಒತ್ತಿ ಕೆಲಸ ಮಾಡ್ತಾಳೆ. ಡಾಕ್ಟ್ರು ಆಪರೇಷನ್ನು ಮಾಡಿಸ್ಕೊ ಅಂದವ್ರೆ. ಮಾಡಿಸ್ಕೊಂಡ್ರೆ ಸ್ವಲ್ಪ ದಿನ ಕಂಪ್ಯೂಟರು ನೋಡಂಗಿಲ್ಲ. ಅಂಗಡಿ ಯಾರು ನೋಡ್ಬೇಕು? ಮೌಳಿ.

"ಅವನು ಒಂದು ಫೈಲು ತಾನಾಗಿ ಹುಡುಕಿ ಗಿರಾಕಿ ಕೈಗೆ ಕೊಟ್ಟ ದಿನ ನಾನು ಆಸ್ಪತ್ರೆಗೆ ಹೋಗ್ತೀನಿ ಕಣೆ" ಅಂದ್ಲು ನಂಗೆ.

"ಹಂಗಾದ್ರೆ ದಾರಿ ತಡಕಕ್ಕೆ ಒಂದು ಕೋಲು ತಂದಿಟ್ಕೊ" ಅಂದೆ.

ಟೈಪು ಮಾಡೋದ್ರಲ್ಲಿ ಅವನು ಪರವಾಗಿಲ್ಲ. ಅಕ್ಷರ ನೋಡಿ ಅಕ್ಷರ ಕುಟ್ಟೋದು ತಾನೇ. ಮಾಡಿದ ಫೈಲಿಗೆಲ್ಲ "ಹೊಸದು" "ಹೊಸದು" ಅಂತ್ಲೇ ಹೆಸರಿಟ್ಟು ರಾಶಿ ಹಾಕಿದ್ದ. ಆಯಮ್ಮ ಪಕ್ಕದಲ್ಲಿ ಕೂರಿಸ್ಕೊಂಡು ಹೇಳ್ಕೊಟ್ಲು.

"ನೋಡೋ ಮೌಳಿ. ಉಪ್ಪಿನಕಾಯಿ ಜಾಡಿಗೆ ಚೀಟಿ ಅಂಟಿಸ್ತೀವಲ್ಲ, ಇದು ನಿಂಬೆ, ಇದು ಮಾವು ಅಂತ. ಫೈಲಿಗೂ ಹಂಗೇ ಒಂದು ಗುರುತಿನ ಪದ ಹಾಕಕ್ಕೆ ಇಲ್ಲಿ ಜಾಗ ಐತೆ. ಟ್ಯಾಗು ಅಂತಾರೆ. ಆಮೇಲೆ ಆ ಪದ ಒತ್ತಿದ್ರೆ ಫೈಲು ಬರ್ತದೆ. ಯಾವ ಪದ ಹಾಕಿದ್ರೆ ನಿಂಗೆ ಆ ದಿನ ಜ್ಞಾಪಕ ಬರ್ತದೋ, ಅದನ್ನ ಹಾಕು."

"ಹೂಂ ಅಮ್ಮ, ಇನ್ಮೇಲೆ ಹಂಗೇ ಮಾಡ್ತೀನಿ."

ಹಂಗೇ ಮಾಡ್ದ.

ಕೆಲವು ತಿಂಗಳಿಗೆ ತೆಂಗಿನಕಾಯಿ ಮಂಡಿ ದೇವೀರಪ್ಪ ಬಂದ. ದೊಡ್ಡ ಮಗಳ ಲಗ್ನಪತ್ರಿಕೆ ಇಲ್ಲೇ ಮಾಡಿಸಿದ್ದ. ಈಗ ಎರಡನೇ ಮಗಳದ್ದು. "ಅದೇ ಪತ್ರಿಕೆ ತೆಗಿಯಪ್ಪ, ಹೆಸರು ಬದಲಾಯಿಸಿದ್ರೆ ಆಯ್ತು" ಅಂದ.

ಮೌಳಿ ಕೇಳ್ದ, "ನೀವು ಬಂದಿದ್ದು ಉಪ್ಪಿಟ್ಟಿನ ದಿನವೋ, ಅವರೆಕಾಳು ರೊಟ್ಟಿ ದಿನವೋ?"

"ಯಾರ ಮನೆ ಉಪ್ಪಿಟ್ಟೋ?"

"ನಮ್ಮನೇದು. ನಾನು ಬೆಳಗ್ಗೆ ಏನು ತಿಂದಿದ್ನೋ ಅದನ್ನ ಹಾಕಿದೀನಿ. ನಂಗೆ ಅದೇ ಜ್ಞಾಪಕ ಇರೋದು."

"ನೀನು ತಿಂದಿದ್ದು ನಂಗೆಂಗಪ್ಪ ಗೊತ್ತಾಗ್ಬೇಕು" ಅಂತ ದೇವೀರಪ್ಪ ಅಲ್ಲೇ ಬೆಂಚಿನ ಮೇಲೆ ಕೂತ. ಸರ್ವಮಂಗಳಮ್ಮ ಮೂಗು ಒತ್ತಿ ಒಂದೊಂದೇ ಫೈಲು ತೆಗೆದು ನೋಡಿ ನೋಡಿ, ಕಣ್ಣಲ್ಲಿ ನೀರು ಸುರಿಸ್ಕೊಂಡು ಹುಡುಕಿ ಕೊಟ್ಲು. ಅದು ಚಿತ್ರಾನ್ನದ ದಿನ ಆಗಿತ್ತು.

ಸಂಜೆ ಗೋಡೆಯಾಚೆಯಿಂದ ಕೇಳಿಸ್ತು. "ನಿನ್ನ ಹೊಟ್ಟೆ ಪುರಾಣ ಯಾರಿಗೆ ಬೇಕಾಗಿತ್ತೋ? ಅಯ್ಯೋ ಮಂಕೆ, ಗಿರಾಕಿ ಬಂದು ಏನು ಹೇಳ್ತಾರೋ ಅದನ್ನ ಹಾಕೋ."

"ಹೂಂ ಅಮ್ಮ, ಇನ್ಮೇಲೆ ಹಂಗೇ ಮಾಡ್ತೀನಿ."

ಹಂಗೇ ಮಾಡ್ದ. ಗಿರಾಕಿ ಹೇಳಿದ್ದನ್ನೆಲ್ಲ ಹಾಕ್ದ. ಒಬ್ಬರ ಫೈಲಿಗೆ "ಅರ್ಜೆಂಟು" ಅಂತ. ಇನ್ನೊಬ್ಬರದ್ದಕ್ಕೆ "ಬಸ್ಸು ಹೋಗ್ಬಿಡ್ತದೆ" ಅಂತ. ದೇವೀರಪ್ಪ ಹೊಸ ಪತ್ರಿಕೆಗೆ ಹೆಸರು ಬರೆಸ್ತಾ, ಬಾಯಿ ತಡೀದೆ ಬೀಗರ ಸುದ್ದಿ ಎತ್ತಿದ್ದ. ಅದಕ್ಕೂ ಟ್ಯಾಗು ಆಯ್ತು.

ಅಚ್ಚಿಗೆ ಹೋಗೋ ಮುಂಚೆ ತಿದ್ದಿ ನೋಡಕ್ಕೆ ಅಂತ ದೇವೀರಪ್ಪ ಬಂದ. ಜೊತೇಲಿ ಬೀಗರನ್ನೂ ಕರ್ಕೊಂಡ್ಬಂದ. ರುಮಾಲು, ರೇಷ್ಮೆ ಶಲ್ಯ, ಎಲೆಯಡಿಕೆ ಬಾಯಿ. ಸರ್ವಮಂಗಳಮ್ಮ ಅವರಿಗೆ ಕಾಫಿ ತರಕ್ಕೆ ಹೋಟ್ಲಿಗೆ ಹೋಗಿದ್ಲು.

"ನಮ್ಮದು ತೆಗಿಯಪ್ಪ ಮೌಳಿ."

"ಯಾವುದು? 'ಬೀಗರದ್ದು ಆನೆ ಹೊಟ್ಟೆ, ಎಷ್ಟು ಸುರಿದ್ರೂ ತುಂಬಲ್ಲ', ಅದಾ?"

ಬೀಗರು ಬಾಯಲ್ಲಿದ್ದ ಎಲೆಯಡಿಕೆ ಅಗಿಯೋದು ನಿಲ್ಲಿಸಿದ್ರು.

"ಏನಂದೆ?"

"ನಾನಲ್ಲ ಅಂದಿದ್ದು, ದೇವೀರಪ್ಪನೋರು. ನೋಡಿ, ಇಲ್ಲೇ ಐತೆ" ಅಂತ ಕಂಪ್ಯೂಟರನ್ನ ಅವರ ಕಡೆ ತಿರುಗಿಸಿ ತೋರಿಸ್ದ. ಓದಕ್ಕೆ ಕಷ್ಟ ಆಗದಿರಲಿ ಅಂತ ಅಕ್ಷರ ಬೇರೆ ದೊಡ್ಡದು ಮಾಡ್ದ.

ಕಾಫಿ ತಗೊಂಡು ಬಂದಾಗ ಅಂಗಡೀಲಿ ಮೌಳಿ ಬಿಟ್ರೆ ಯಾರೂ ಇಲ್ಲ. ಆಮೇಲೆ ಸರ್ವಮಂಗಳಮ್ಮ ಬೀಗರ ಊರಿಗೇ ಹೋಗಿ, ಎಲೆ ಅಡಿಕೆ ತೆಂಗಿನಕಾಯಿ ಮುಂದಿಟ್ಟು, ನನ್ನ ಮಗಂದು ತಲೆ ಅಷ್ಟೇ ಸ್ವಾಮಿ ಅಂತ ಕೈಮುಗಿದು, ಮುರಿದು ಬೀಳೋ ಮದುವೇನ ಉಳಿಸಿ ಬಂದ್ಲು. ಬಸ್ಸಿನ ಬೋರ್ಡು ಕಾಣದೆ ಬೇರೆ ಬಸ್ಸು ಹತ್ತಿದ್ಲಂತೆ. ರಾತ್ರಿ ಊಟಾನೂ ಮಾಡಲಿಲ್ಲ.

"ಅಯ್ಯೋ ಮಂಕೆ, ಗಿರಾಕಿ ಬಾಯಿಮಾತು ಹಾಕ್ಬೇಡ್ವೋ. ಪತ್ರಿಕೆ ಒಳಗೆ ಏನೈತೋ ಅದನ್ನ ಹಾಕು" ಅಂದ್ಲು. ಬೈಯಕ್ಕೂ ತ್ರಾಣ ಇರಲಿಲ್ಲ ಪಾಪ.

"ಹೂಂ ಅಮ್ಮ, ಇನ್ಮೇಲೆ ಹಂಗೇ ಮಾಡ್ತೀನಿ."

ಹಂಗೇ ಮಾಡ್ದ. ಒಳಗೆ ಮೊದಲು ಏನೈತೆ? "ಶ್ರೀ" ಐತೆ. ಲಗ್ನಪತ್ರಿಕೇಲೂ ಶ್ರೀ, ತಿಥಿ ಕಾರ್ಡಲ್ಲೂ ಶ್ರೀ, ನಲ್ಲಿ ನೀರು ಬರಲ್ಲ ಅನ್ನೋ ಅರ್ಜೀಲೂ ಮೇಲ್ಗಡೆ ಶ್ರೀ. ಎಲ್ಲದಕ್ಕೂ ಶ್ರೀ ಹಾಕ್ದ. ಯಾರೋ ತಿಥಿ ಕಾರ್ಡು ಕೇಳಿದ್ರೆ ಶ್ರೀ ಒತ್ತಿದ. ಅಂಗಡೀಲಿರೋ ಫೈಲೆಲ್ಲ ಬಂತು. ಯಾವುದು ಕೊಡೋದು ಅಂತ ಯೋಚನೆ ಮಾಡ್ತಾ ಮಧ್ಯಾಹ್ನದ ತನಕ ಕೂತಿದ್ದ. ಗಿರಾಕಿ ಎದ್ದು ಹೋಗಿ ಎಷ್ಟೋ ಹೊತ್ತಾಗಿತ್ತು.

ಆವಾಗ ಸರ್ವಮಂಗಳಮ್ಮ ಒಂದು ಕೆಲಸ ಮಾಡಿದ್ಲು. ತಾನೇ ಕೂತು, ಪ್ರತಿ ಫೈಲಿಗೂ ಸರಿಯಾದ ಪದ ಹಾಕಿದ್ಲು. ಮನೆ ಹೆಸರು, ಊರು, ಏನು ಕಾರ್ಯ, ಎಲ್ಲ. ಮೌಳಿ ಓದಿ ಹೇಳೋದು, ಇವಳು ತಡಕಿ ಒತ್ತೋದು. ವಾರಗಟ್ಟಲೆ ಆಯ್ತು. ಮುಗಿಸಿ ಅಂದ್ಲು:

"ಕೇಳೋ ಮೌಳಿ, ಇದೇ ಕೊನೆ. ಇನ್ನು ನೀನು ತಲೆ ಓಡಿಸ್ಬೇಡ. ಏನು ಬೇಕೋ ಆ ಪದ ಒತ್ತು. ಸಾಲಾಗಿ ಬರ್ತಾವೆ. ಮೊದಲು ಬಂದಿದ್ದೇ ಬೇಕಾಗಿರೋದು. ಅದನ್ನ ತಗೊ. ಬೇರೆ ಯಾವುದನ್ನೂ ನೋಡ್ಲೂಬೇಡ."

"ಹೂಂ ಅಮ್ಮ, ಇನ್ಮೇಲೆ ಹಂಗೇ ಮಾಡ್ತೀನಿ."

ಮಾರನೇ ದಿನ ಹಾಲಿನ ಡೈರಿ ಸೆಕ್ರೆಟ್ರಿ ಬಂದು ಹಳೇ ಮೀಟಿಂಗ್ ನೋಟೀಸು ಕೇಳ್ದ. ಮೌಳಿ "ಡೈರಿ" ಅಂತ ಒತ್ತಿದ. ಮೊದಲು ಬಂದಿದ್ದನ್ನ ತಗೊಂಡ. ಪ್ರಿಂಟು ತೆಗೆದು ಕೊಟ್ಟ. ಸೆಕ್ರೆಟ್ರಿ ನೋಡಿ "ಇದೇ" ಅಂದ.

ಸರ್ವಮಂಗಳಮ್ಮ ನಮ್ಮನೆ ಬಾಗಿಲಿಗೆ ಬಂದು ಸೆರಗಲ್ಲಿ ಮುಖ ಒರೆಸ್ಕೊಂಡ್ಲು. "ಕೊಟ್ಟ ಕಣೆ. ನಾನು ಹೋಗ್ಬರ್ತೀನಿ" ಅಂದ್ಲು. ನಾನೂ ಬಾಯ್ಮುಚ್ಕೊಂಡು ಅವಳ ಬಟ್ಟೆ ಗಂಟು ಕಟ್ಟಿಕೊಟ್ಟೆ.

ಜಿಲ್ಲಾಸ್ಪತ್ರೇಲಿ ಆಪರೇಷನ್ನು ಚೆನ್ನಾಗೇ ಆಯ್ತಂತೆ. ಕರ್ಕೊಂಡು ಬರೋ ದಿನ ನನಗೆ ಸೊಂಟ ಹಿಡ್ಕೊಂಡಿತ್ತು, ಮೌಳಿ ಒಬ್ನೇ ಹೋದ. ನಾನು ಮೆಣಸಿನ ಸಾರು ಮಾಡಿಟ್ಟು ಕಾಯ್ತಾ ಇದ್ದೆ.

ಸಂಜೆಗೆ ಬಂದ. ಕೈ ಹಿಡಿದು ನಿಧಾನಕ್ಕೆ ಆಟೋದಿಂದ ಇಳಿಸ್ದ. ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿರೋ ಮುದುಕಿ. ಉದ್ದಕ್ಕೆ, ಕಡ್ಡಿ ಹಂಗಿದ್ದಾಳೆ. ನಮ್ಮ ಸರ್ವಮಂಗಳಮ್ಮ ಕುಳ್ಳಗೆ, ದುಂಡಗೆ.

"ಲೋ ಮೌಳಿ, ಯಾರೋ ಇದು?"

"ಅಮ್ಮ."

"ನಿಮ್ಮಮ್ಮನೇನೋ ಇವಳು?"

"ಅಲ್ಲ."

"ಅಲ್ಲ ಅಂತ ಗೊತ್ತಿದ್ದೂ ಕರ್ಕೊಂಡ್ಬಂದ್ಯಾ?"

"ವಾರ್ಡಿನ ಬಾಗಿಲಲ್ಲಿ ನಿಂತು 'ಅಮ್ಮ' ಅಂದೆ. ಸಾಲಾಗಿ ಎಲ್ಲರೂ 'ಹೂಂ' ಅಂದ್ರು. ಮೊದಲು ಅಂದಿದ್ದು ಇವ್ರು. ಮೊದಲು ಬಂದಿದ್ದನ್ನ ತಗೊ, ತಲೆ ಓಡಿಸ್ಬೇಡ, ಬೇರೆ ಯಾವುದನ್ನೂ ನೋಡ್ಲೂಬೇಡ ಅಂತ ಅಮ್ಮನೇ ಹೇಳಿದ್ದಲ್ವಾ. ಅಮ್ಮ ಅಲ್ಲೇ ಕೂತಿದ್ಲು. ನಾನು ನೋಡ್ಲಿಲ್ಲ."

ಮುದುಕಿ ಹೆಸರು ನಿಂಗಾಜಮ್ಮ ಅಂತೆ. "ಆಸ್ಪತ್ರೆಯೋರೇ ಮನೆಗೆ ಬಿಡಕ್ಕೆ ಹುಡುಗನ್ನ ಕಳಿಸವ್ರೆ ಅಂದ್ಕೊಂಡೆ ಕಣವ್ವ" ಅಂದ್ಲು. ಸಾರಿನ ವಾಸನೆ ಹಿಡ್ಕೊಂಡು ತಾನಾಗೇ ಅಡುಗೆಮನೆ ಹತ್ರ ಹೋಗಿ ಕೂತ್ಲು. ಬಡಿಸಿದೆ, ಇನ್ನೇನು ಮಾಡೋದು.

ಆಸ್ಪತ್ರೆಗೆ ಫೋನು ಮಾಡ್ದೆ. ಸರ್ವಮಂಗಳಮ್ಮನೇ ಸಿಕ್ಕಿದ್ಲು. ಹೇಳ್ದೆ. ಅವಳ ಹಿಂದೆ ಯಾರೋ ಗಂಡಸು "ನಮ್ಮವ್ವ ಎಲ್ಲಿ, ನಮ್ಮವ್ವ ಎಲ್ಲಿ" ಅಂತ ವಾರ್ಡೆಲ್ಲ ಸುತ್ತೋದು ಕೇಳಿಸ್ತಿತ್ತು.

"ಅವನಿಗೆ ಫೋನು ಕೊಡು" ಅಂದ್ಲು. ಕೊಟ್ಟೆ.

"ಮೌಳಿ, ಎಲ್ಲಿಂದ ತಗೊಂಡ್ಯೋ ಅಲ್ಲೇ ಇಟ್ಬಿಡಪ್ಪ."

"ಹೂಂ ಅಮ್ಮ, ಹಂಗೇ ಮಾಡ್ತೀನಿ."

ಹಂಗೇ ಮಾಡ್ದ. ಬೆಳಗ್ಗೆ ಮೊದಲನೇ ಬಸ್ಸಿಗೆ ನಿಂಗಾಜಮ್ಮನ್ನ ಕರ್ಕೊಂಡು ಹೋದ. ಮಧ್ಯಾಹ್ನ ಕೈ ಬೀಸ್ಕೊಂಡು ವಾಪಸ್ ಬಂದ.

"ಅಮ್ಮ ಎಲ್ಲೋ?"

"ಇಟ್ಟು ಬಂದೆ. ಅದೇ ಮಂಚದ ಮೇಲೆ."

"ಅವಳಲ್ವೋ. ನಿಮ್ಮಮ್ಮ."

"ಅವಳು ಪಕ್ಕದ ಮಂಚದಲ್ಲಿದ್ಲು. ಮೌಳಿ, ಮೌಳಿ ಅಂತ ಕರೀತಾನೇ ಇದ್ಲು. ಇಟ್ಬಿಡು ಅಂದಿದ್ಲೇ ಹೊರತು ತಗೊ ಅಂದಿರಲಿಲ್ವಲ್ಲ."

ಅಷ್ಟರಲ್ಲಿ ಫೋನು ಬಂತು. ಸರ್ವಮಂಗಳಮ್ಮ ಬೈತಾಳೆ ಅಂದ್ಕೊಂಡೆ. ಬೈಲಿಲ್ಲ.

"ಇರ್ಲಿ ಬಿಡೆ. ಇಲ್ಲಿ ಹೊತ್ತು ಹೊತ್ತಿಗೆ ಊಟ ಕೊಡ್ತಾರೆ. ಏನೂ ನೋಡ್ಬೇಡಿ, ಕಣ್ಣು ಮುಚ್ಕೊಂಡು ಮಲಗಿ ಅಂತಾರೆ. ಇಷ್ಟು ವರ್ಷದಲ್ಲಿ ಯಾರೂ ನಂಗೆ ಹಂಗಂದಿರಲಿಲ್ಲ. ನಿನ್ನ ಸೊಂಟ ಸರಿಹೋದ ಮೇಲೆ ನೀನೇ ಬಾ. ಅವನ್ನ ಮಾತ್ರ ಕಳಿಸ್ಬೇಡ."

ಸೊಂಟ ಸರಿಹೋಗ್ಲಿಲ್ಲ. ಹಂಗೇ ಹೊರಟೆ. ಬಸ್‌ಸ್ಟ್ಯಾಂಡಿನ ತನಕ ಮೌಳಿ ಚೀಲ ಹಿಡ್ಕೊಂಡು ಬಂದ. ಕಿಟಕಿ ಹತ್ರ ನಿಂತು, ಬಗ್ಗಿ, ಮೆಲ್ಲಗೆ ನಂಗೇ ಬುದ್ಧಿ ಹೇಳ್ದ.

"ಅಕ್ಕ, ಅಲ್ಲಿ ಹೋಗಿ 'ಅಮ್ಮ' ಅಂತ ಹುಡುಕ್ಬೇಡಿ. ಎಲ್ಲ ಬರ್ತಾವೆ. 'ಅಯ್ಯೋ ಮಂಕೆ' ಅಂತ ಹುಡುಕಿ. ಒಬ್ಳೇ ಬರ್ತಾಳೆ."